ಮಾವಶಿಯನ್ನು ಕೇಳಿಕೊಂಡು ಬಂದವರು

ವಾಣಿಜ್ಯ ಮಂಡಳಿಯವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ, ನಾವು ಚರ್ಚಿನಿಂದ ಬಂದು ಇನ್ನೂ ಸೀರೆ ಬದಲಿಸಿರಲಿಲ್ಲ. ನಮ್ಮೂರು ಹಳಿಯಾಳದಿಂದ ತೇರಗಾಂವದ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ, ಕಾಡಿನ ಅಂಚಿಗಿದೆ. ಅಲ್ಲಿಗೆ ಬಿಳಿ ಕಾರು ಬಂತೆಂದರೆ ಒಂದೋ ಅರಣ್ಯ ಇಲಾಖೆಯವರು, ಇಲ್ಲವೇ ಚುನಾವಣೆಯವರು. ಎರಡೂ ಅಲ್ಲದಿದ್ದರೆ ನಮ್ಮನ್ನು ನೋಡಲೆಂದೇ ಬಂದವರು.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದರೆಂದು ಪುಸ್ತಕಗಳಲ್ಲಿದೆ. ನನಗೂ ಅದು ಪುಸ್ತಕದಿಂದಲೇ ಗೊತ್ತಾದದ್ದು. ಮನೆಯಲ್ಲಿ ಆ ಮಾತು ಆಡಿದವರಿಲ್ಲ. ಮನೆಯೊಳಗೆ ನಮ್ಮದು ಕೊಂಕಣಿ, ಹೊಸ್ತಿಲು ದಾಟಿದರೆ ಹಳಿಯಾಳದ ಕನ್ನಡ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ತಾಯಿಯ ತಂಗಿ, ನನ್ನ ಮಾವಶಿ. ಅವಳು ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿನಿಂದ ನಡುವಿನ ತನಕ ಸುತ್ತುತ್ತಾ ಹೊಲಿಗೆ ಹಾಕುತ್ತಾಳೆ. ನಾಲ್ಕು ಮೂಲೆಗೂ ಬಟ್ಟೆಯ ಹೂವು, ನಮ್ಮ ಮಾತಿನಲ್ಲಿ ಫೂಲ, ಇಡದಿದ್ದರೆ ಕೌದಿ ಬತ್ತಲೆ ಇದ್ದಂತೆ ಎನ್ನುತ್ತಾಳೆ.

ಅವತ್ತು ತೊಳೆದ ಕೌದಿಗಳು ಬೇಲಿಯ ಮೇಲೆ ಒಣಗುತ್ತಿದ್ದವು. ಕಾರಿನಿಂದ ಇಳಿದವರು ಮಂಡಳಿಯ ಕಾರ್ಯದರ್ಶಿ. ಇಸ್ತ್ರಿ ಹಾಕಿದ ಅಂಗಿ, ಕಿವಿಯಲ್ಲಿ ಫೋನಿನ ಬಿಳಿ ಗುಂಡಿ. ಮಾತು ಮಾತ್ರ ಅಪ್ಪಟ ಧಾರವಾಡದ ಕಡೆಯದು.

"ಅಕ್ಕೋರ, ನಮಸ್ಕಾರ್ರಿ. ನಿಮ್ಮ ಮಾವಶಿಯವರನ್ನ ಭೆಟ್ಟಿ ಆಗೂಣು ಅಂತ ಬಂದೇವಿ."

ಮಾವಶಿಯನ್ನು ಕೇಳಿಕೊಂಡು ಮನೆಗೆ ಬಂದವರೇ ಇಲ್ಲ. ಕೌದಿ ಬೇಕಾದವರು ಹಳಿಯಾಳದ ಸಂತೆಯಲ್ಲೇ ಅವಳನ್ನು ಹಿಡಿಯುತ್ತಾರೆ. ಮನೆಗೆ ಬಂದವರು ನನ್ನನ್ನು ಕೇಳುತ್ತಾರೆ, ಏಕೆಂದರೆ ಊರಿನಲ್ಲಿ ನಾಲ್ಕು ಅಕ್ಷರ ಕಲಿತವಳು ನಾನು. ಇವರು ನನ್ನನ್ನು ದಾಟಿ ಅವಳ ಹೆಸರು ಹಿಡಿದು ಬಂದದ್ದು ನನಗೆ ಆಗಲೇ ಸರಿ ಅನ್ನಿಸಲಿಲ್ಲ. ಆದರೂ ಕೂಡ್ರಿಸಿ ಚಹಾ ಕೊಟ್ಟೆ.

ಮಾವಶಿ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಕಾರ್ಯದರ್ಶಿ ಅವಳಿಗೆ ಬಿಡಿಸಿ ಹೇಳಿದರು. "ಅಮ್ಮಾರ, ನಮ್ಮ ಮಂಡಳಿ ಈಗ ಆಫ್ರಿಕಾದ ಒಂದು ದೇಶದಾಗ ಆಫೀಸು ತೆಗಿಲಿಕ್ಕತ್ತೈತ್ರಿ. ಇಲ್ಲಿ ಮಾಲು ಅಲ್ಲಿಗೆ ಹೋಗಬೇಕು, ಅಲ್ಲಿ ಮಾಲು ಇಲ್ಲಿಗೆ ಬರಬೇಕು. ಸುಂಕ ಕಡಿಮಿ ಆಗಬೇಕು, ಕಾಯ್ದೆ ಸರಳ ಆಗಬೇಕು ಅಂತ ಎರಡೂ ಸರ್ಕಾರಕ್ಕ ನಾವು ಸಲಹಾ ಕೊಡ್ತೇವಿ."

"ಕೊಡ್ರಿ," ಎಂದಳು ಮಾವಶಿ. "ಅದನ್ನ ನನಗ್ಯಾಕ ಹೇಳ್ತೀರಿ?"

"ನೀವೂ ಅಲ್ಲಿಂದನ ಬಂದವರಲ್ಲೇನ್ರಿ?"

"ನಾ ಬಂದದ್ದು ತೇರಗಾಂವದಿಂದ. ಲಗ್ನ ಆದಮ್ಯಾಲೆ ಚಕ್ಕಡ್ಯಾಗ ಕುಂತು ಬಂದೆ."

ಅವರು ಜೋರಾಗಿ ನಕ್ಕರು. ಮಾವಶಿ ನಗಲಿಲ್ಲ.

ಅವರು ಕೇಳಿದ್ದು ಇಷ್ಟು. ಆ ದೇಶದ ವ್ಯಾಪಾರ ಇಲಾಖೆಯವರ ಒಂದು ನಿಯೋಗ ದಾಂಡೇಲಿಗೆ ಬರುತ್ತದೆ. ಅವರಿಗೆ ಕೊಡಲು ಕೌದಿಗಳು ಬೇಕು. ನಮ್ಮವರು ಡಮಾಮಿ ಡೋಲು ಬಾರಿಸಿ ಕುಣಿಯುವುದೂ ಆದರೆ ಒಳ್ಳೆಯದು. ಕುಣಿತ ಆಗುವುದಿಲ್ಲ ಎಂದೆ. ದಾಂಡೇಲಿಯ ರೆಸಾರ್ಟುಗಳಲ್ಲಿ ನಮ್ಮ ಹುಡುಗರಿಗೆ ಎಲೆ ಕಟ್ಟಿ, ಮುಖಕ್ಕೆ ಬಣ್ಣ ಬಳಿದು ಪ್ರವಾಸಿಗರ ಮುಂದೆ ಕುಣಿಸುವುದನ್ನು ನಾನು ಕಂಡಿದ್ದೇನೆ. ನಮ್ಮ ಹಿರಿಯರು ಡಮಾಮಿ ಬಾರಿಸುತ್ತಿದ್ದರು, ಎಲೆ ಉಟ್ಟುಕೊಂಡಲ್ಲ. ಅವರು ಹೆಚ್ಚು ಒತ್ತಾಯಿಸಲಿಲ್ಲ. "ಕೌದಿ ಆದರ ಸಾಕ್ರಿ" ಎಂದು ಬೇಲಿಯ ಬಳಿ ಹೋಗಿ ಫೋಟೋ ತೆಗೆದರು. ಮಾವಶಿಯನ್ನು ಕೌದಿಯ ಪಕ್ಕ ನಿಲ್ಲಿಸಿ ಅವಳದೂ ತೆಗೆದರು. ಹೊರಡುವ ಮುಂದೆ, ಏನೋ ಮರೆತವರ ಹಾಗೆ ತಿರುಗಿ, "ಅಮ್ಮಾರ ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ ಎರಡೂ ಝೆರಾಕ್ಸ್ ಬೇಕಾಗ್ತಾವ್ರಿ. ಕಾರ್ಯಕ್ರಮಕ್ಕ ಒಳಗ ಬಿಡಲಿಕ್ಕೆ ಪಾಸು ಮಾಡಬೇಕು" ಎಂದರು.

"ನನ್ನದು ಬ್ಯಾಡೇನ್ರಿ?" ಎಂದು ನಾನು ಕೇಳಿದೆ.

"ನಿಮ್ಮದು ಬ್ಯಾಡ್ರಿ ಅಕ್ಕೋರ. ನೀವು ಸರ್ಕಾರಿ ನೌಕರರು."

ಪಾಸಿಗೂ ಸರ್ಕಾರಿ ನೌಕರಿಗೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಮಾವಶಿಯಂತೂ ಒಂದೇ ಮಾತಿನಲ್ಲಿ ಮುಗಿಸಿದಳು. "ಕೌದಿಗೆ ಜಾತಿ ಪ್ರಮಾಣಪತ್ರ ಯಾಕ ಬೇಕ? ಅದೇನು ಹಾಸ್ಟೆಲ್ಲಿಗೆ ಸೇರತೈತೇನು?"

ಅವರು ಕಾಗದ ಇಲ್ಲದೆಯೇ ಕೈ ಮುಗಿದು ಹೋದರು. ಧೂಳು ಅಡಗುವ ತನಕ ಮಾವಶಿ ಕಾರು ಹೋದ ದಿಕ್ಕನ್ನೇ ನೋಡುತ್ತಿದ್ದಳು.

ನಮ್ಮ ಸಂಶಯವನ್ನು ಹೊರಗಿನವರು ಸಿಡುಕು ಎಂದು ತಿಳಿಯುತ್ತಾರೆ. ಅದು ನಮಗೆ ಬಂದವರೇ ಕಲಿಸಿದ ಪಾಠ. ನಾನು ಚಿಕ್ಕವಳಿದ್ದಾಗ ಯಾರೋ ಬಂದು ನಮ್ಮ ತಲೆಯ ಸುತ್ತಳತೆ ತೆಗೆದುಕೊಂಡರು. ಆಮೇಲೆ ಬಂದವರು ರಕ್ತ ಕೇಳಿದರು, ಅದಾದ ಮೇಲೆ ಬಂದವರು ಸಣ್ಣ ಸೀಸೆಯಲ್ಲಿ ಉಗುಳಲು ಹೇಳಿದರು. ನಮ್ಮ ಕೂದಲು, ನಮ್ಮ ಹಾಡು, ನಮ್ಮ ಓಟ, ಎಲ್ಲವನ್ನೂ ಒಬ್ಬೊಬ್ಬರು ಒಯ್ದರು. ಅದರಿಂದ ಏನು ಗೊತ್ತಾಯಿತೆಂದು ಹೇಳಲು ತಿರುಗಿ ಬಂದವರನ್ನು ನಾನು ಕಾಣೆ. ಇಷ್ಟು ವರ್ಷ ನೌಕರಿ ಮಾಡಿದರೂ ದಾಂಡೇಲಿಯ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಇದ್ದರೆ ನನ್ನೊಡನೆ ಹಿಂದಿಯಲ್ಲೇ ಶುರು ಮಾಡುತ್ತಾನೆ. ನಾನು "ಹಳಿಯಾಳ ಒಂದು ಕೊಡ್ರಿ" ಎಂದಾಗ ಹಿಂದಿನ ಸೀಟಿನವರು ತಿರುಗಿ ನೋಡುತ್ತಾರೆ. ಮುಂಡಗೋಡಿನಲ್ಲಿ ಒಮ್ಮೆ ಶಿಕ್ಷಕರ ತರಬೇತಿಗೆ ಹೋದಾಗ ಚಹಾದಂಗಡಿಯವ ನನ್ನನ್ನು ಟಿಬೆಟನ್ ಕ್ಯಾಂಪಿಗೆ ಬಂದ ವಿದೇಶಿ ಪ್ರವಾಸಿಯೆಂದು ತಿಳಿದು ಸಕ್ಕರೆ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ್ದ.

ಹೀಗಿರುವಾಗ ಒಂದು ಸಂಜೆ ಊರಿನವರ ಫೋನುಗಳಲ್ಲಿ ಒಂದು ಚಿತ್ರ ಹರಿದಾಡತೊಡಗಿತು. ದಾಂಡೇಲಿಯ ಕಾರ್ಯಕ್ರಮದ ಬ್ಯಾನರ್. ಎರಡು ದೇಶಗಳ ಬಾವುಟ, ಮೇಲೆ ಮಂಡಳಿಯ ಹೆಸರು, ನಡುವೆ ಕೌದಿಯ ಪಕ್ಕ ನಿಂತ ನನ್ನ ಮಾವಶಿ. ಅವಳ ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ "ಮರಳಿ ತಾಯ್ನೆಲಕ್ಕೆ" ಎಂದು ಬರೆದಿತ್ತು.

ಬೇರೆಯವರಿಗೆ ಅದು ಚಂದದ ಮಾತು. ನಮ್ಮ ಊರಿನಲ್ಲಿ ಅದು ಬೆಂಕಿ ಹಚ್ಚಿದಂತಾಯಿತು. ನಮ್ಮಲ್ಲಿ ಮುಕ್ಕಾಲು ಮನೆಗಳ ಗದ್ದೆ ಅರಣ್ಯದ ಜಾಗದಲ್ಲಿದೆ. ಹಕ್ಕುಪತ್ರಕ್ಕೆ ಅರ್ಜಿ ಹಾಕಿ, ನೀವು ಇಲ್ಲಿಯೇ ಇದ್ದವರೆಂಬುದಕ್ಕೆ ಪುರಾವೆ ತನ್ನಿ ಎಂದಾಗಲೆಲ್ಲ ತಂದುಕೊಟ್ಟು ಕಾಯುತ್ತಿರುವವರು ನಾವು. ಅಂಥವರ ಮುಖ ಹಾಕಿ, ಇವರು ಬೇರೆ ನೆಲದವರು, ಅಲ್ಲಿಗೆ ಮರಳುತ್ತಾರೆ ಎಂದು ಬರೆದರೆ?

ಕತ್ತಲಾಗುವ ಮೊದಲೇ ನಮ್ಮ ಅಂಗಳ ತುಂಬಿತು. ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುವ ನನ್ನ ಅಣ್ಣ (ದೊಡ್ಡಪ್ಪನ ಮಗ) ಫೋನು ನನ್ನ ಮುಖಕ್ಕೆ ಹಿಡಿದ.

"ಇದೇನ ತಂಗಿ? ನಮ್ಮನ್ನ ವಾಪಸ್ ಕಳಸ್ತಾರಂತ ಹೌದೇನು?"

"ಯಾರು ಹೇಳಿದ್ರು?"

"ಎಲ್ಲಾರೂ ಹೇಳಾಕತ್ತಾರ. ಮುಂಡಗೋಡದಾಗ ಟಿಬೇಟದವರಿಗೆ ಕ್ಯಾಂಪ್ ಮಾಡಿಕೊಟ್ಟಂಗ, ನಮಗ ಅಲ್ಲಿ ಕ್ಯಾಂಪ್ ಮಾಡ್ತಾರಂತ. ಅದಕ್ಕ ಅಲ್ಲಿ ಸರ್ಕಾರದವರು ನಮ್ಮನ್ನ ನೋಡಾಕ ಬರಾಕತ್ತಾರಂತ."

ಅವನ ಹೆಂಡತಿಯ ತವರು ರಾಮನಗರ. ಅವಳ ಹಿರಿಯರು ಸೂಪಾ ಅಣೆಕಟ್ಟಿನ ನೀರು ಏರಿದಾಗ ಊರು ಬಿಟ್ಟು ಅಲ್ಲಿಗೆ ಬಂದವರು. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದಳು, "ನಮ್ಮ ಅಜ್ಜಿ ಹೇಳತಿದ್ಲರಿ ಅಕ್ಕೋರ. ಆವಾಗೂ ಮೊದಲು ಒಂದು ಜೀಪು ಬಂದಿತ್ತಂತ. ಭಾಳ ನಗತಾ ಮಾತಾಡಿದ್ರಂತ."

ಇದು ಗಾಳಿಮಾತು, ವ್ಯಾಪಾರದ ಮಂಡಳಿಗೆ ಯಾರನ್ನೂ ದೇಶದಿಂದ ಕಳಿಸುವ ಅಧಿಕಾರವಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಹೇಳುವಾಗ ನನ್ನ ದನಿಯೇ ನನಗೆ ಪಾಠ ಒಪ್ಪಿಸಿದಂತೆ ಕೇಳಿಸಿತು. ಕಾರ್ಯದರ್ಶಿಗೆ ಫೋನ್ ಮಾಡಿದೆ. "ಅಕ್ಕೋರ, ಅದು ಭಾವನಾದ ಮಾತರಿ. ಕೇಳಿದವರ ಕಣ್ಣಾಗ ನೀರು ಬರಬೇಕು" ಎಂದರು. ನಮ್ಮವರ ಕಣ್ಣಲ್ಲಿ ಆಗಲೇ ಬಂದಿದೆ ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲವೋ, ಆಗದವರಂತೆ ಇದ್ದರೋ, ಇವತ್ತಿಗೂ ಹೇಳಲಾರೆ.

"ನನ್ನ ಮಾರಿ ಹಾಕ್ಯಾರ. ನಾನ ಹೋಗಿ ಕೇಳ್ತೇನಿ," ಎಂದಳು ಮಾವಶಿ. ಕಾರ್ಯಕ್ರಮದ ದಿನ ನಾನು ರಜೆ ಹಾಕಿದೆ. ಅವರು ಕಾರು ಕಳಿಸುತ್ತೇವೆಂದರೂ ಅವಳು ಒಪ್ಪಲಿಲ್ಲ. ಕೌದಿಗಳ ಗಂಟು ಹೊತ್ತು ಬಸ್ಸಿಗೇ ಹೋದೆವು.

ದಾಂಡೇಲಿಯ ಹೊರಗೆ ಕಾಳಿ ನದಿಯ ದಂಡೆಯ ಒಂದು ರೆಸಾರ್ಟು. ಗೇಟಿಗೇ ಆ ಬ್ಯಾನರ್ ಕಟ್ಟಿದ್ದರು. ಫೋನಿನಲ್ಲಿ ನೋಡಿದ್ದೇ ಬೇರೆ, ಮಾವಶಿಯ ಮುಖ ಅವಳಿಗಿಂತ ದೊಡ್ಡದಾಗಿ ಗಾಳಿಗೆ ಉಬ್ಬುವುದನ್ನು ನೋಡಿದ್ದೇ ಬೇರೆ. ಅವಳು ಒಂದು ಗಳಿಗೆ ನಿಂತು, "ನನ್ನ ಹಣಿ ಮ್ಯಾಲೆ ಏನ ಬರದಾರ, ಇನ್ನೊಮ್ಮೆ ಓದು," ಎಂದಳು. ಓದಿ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಬಾಗಿಲಲ್ಲಿ ನಮಗೆ ಯಾರೂ ಪಾಸು ಕೇಳಲಿಲ್ಲ. ಪಾಸು ಎಂಬುದೇ ಇರಲಿಲ್ಲ. ಹಾಗಾದರೆ ಜಾತಿ ಪ್ರಮಾಣಪತ್ರ ಯಾತಕ್ಕೆ ಬೇಕಿತ್ತು?

ಒಳಗೆ ಕೋಟು ಹಾಕಿದ ವ್ಯಾಪಾರಿಗಳು, ಗೋಡಂಬಿಯವರು, ಯಂತ್ರದವರು, ಔಷಧದವರು. ಆ ದೇಶದಿಂದ ಬಂದ ಅಧಿಕಾರಿಗಳ ನಡುವೆ ಒಬ್ಬ ಹೆಂಗಸು ಇದ್ದಳು. ನನ್ನದೇ ವಯಸ್ಸು. ನಾನು ಅವಳನ್ನೇ ನೋಡುತ್ತ ನಿಂತೆ. ಕೆನ್ನೆಯ ಮೂಳೆ, ಹಣೆ, ನಗುವ ಮೊದಲು ತುಟಿ ಬಿಗಿಯುವ ರೀತಿ, ಎಲ್ಲ ಸತ್ತುಹೋದ ನನ್ನ ತಾಯಿಯ ಹಾಗೆ. ಅವಳೂ ನನ್ನನ್ನು ಹಾಗೆಯೇ ನೋಡಿದಳು. ಹತ್ತಿರ ಬಂದು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ನಾನು ಬಾಯಿಗೆ ಬಂದ ಕನ್ನಡದಲ್ಲೇ, "ನನಗ ತಿಳಿಯೂದಿಲ್ಲರಿ" ಎಂದೆ. ಇಬ್ಬರಿಗೂ ನಗು ಬಂತು. ಆಮೇಲೆ ಇಂಗ್ಲಿಷಿಗೆ ಇಳಿದೆವು. ನನ್ನದು ಶಾಲೆಯ ಇಂಗ್ಲಿಷ್, ನಿಧಾನ, ಆದರೆ ನಡೆಯುತ್ತದೆ.

ಮಾವಶಿಯನ್ನು ತೋರಿಸಿ, ಈಕೆ ನನ್ನ ತಾಯಿಯ ತಂಗಿ ಎಂದೆ. ಅವಳು ಮಾವಶಿಯ ಎರಡೂ ಕೈ ಹಿಡಿದು, "ನಿಮಗೆ ಅಭಿನಂದನೆ. ನಿಮ್ಮ ಕಂಪನಿ ನಮ್ಮಲ್ಲಿ ಚೆನ್ನಾಗಿ ಬೆಳೆಯಲಿ" ಎಂದಳು.

ನನಗೆ ತಪ್ಪಾಗಿ ಕೇಳಿಸಿತೆಂದುಕೊಂಡೆ. "ಯಾವ ಕಂಪನಿ?"

ಅವಳ ನಗು ನಿಂತಿತು. ತನ್ನ ಜೊತೆಯವರ ಕಡೆ ಒಮ್ಮೆ ನೋಡಿ, ನನ್ನನ್ನು ಕಿಟಕಿಯ ಬಳಿಗೆ ಕರೆದೊಯ್ದು ನಿಧಾನವಾಗಿ ವಿವರಿಸಿದಳು. ಹಿಂದೆ ತಮ್ಮ ದೇಶದಿಂದ ಹೊತ್ತೊಯ್ಯಲ್ಪಟ್ಟವರ ವಂಶದವರು ಮರಳಿ ಬಂದು ಉದ್ಯಮ ತೆರೆದರೆ ಅವರ ಸರ್ಕಾರ ಜಾಗವನ್ನೂ ಸುಂಕದ ರಿಯಾಯಿತಿಯನ್ನೂ ಕೊಡುತ್ತದೆ. ಮಂಡಳಿ ತೆರೆಯಲಿರುವ ಕಚೇರಿಯ ಹೆಸರಿನಲ್ಲಿ ಬಂದ ಮೊದಲ ಪ್ರಸ್ತಾಪವೇ ಅಂಥದ್ದು. ಗೋಡಂಬಿ ಸಂಸ್ಕರಿಸುವ ಕಂಪನಿ. ಅದರ ಒಡತಿ ಒಬ್ಬ ಸಿದ್ದಿ ಮಹಿಳೆ, ಕೌದಿ ಹೊಲಿಯುವವಳು, ತಾಯ್ನೆಲಕ್ಕೆ ಮರಳಲು ಹಾತೊರೆಯುತ್ತಿರುವವಳು ಎಂದು ಅವರಿಗೆ ಹೇಳಲಾಗಿದೆ.

ಆಗ ನನಗೆ ಎಲ್ಲ ತಿಳಿಯಿತು. ಸರ್ಕಾರಿ ನೌಕರಿಯಲ್ಲಿರುವವಳ ಹೆಸರಿನಲ್ಲಿ ಕಂಪನಿ ತೆಗೆಯಲಾಗದು. ಅದಕ್ಕೇ ನನ್ನ ಕಾಗದ ಬೇಡ, ಮಾವಶಿಯದು ಬೇಕು. ಬ್ಯಾನರಿನ ಮಾತು ಕಣ್ಣೀರು ತರಿಸಲು ಬರೆದದ್ದಲ್ಲ, ರಿಯಾಯಿತಿ ತರಿಸಲು ಬರೆದದ್ದು. ಆದರೂ ಈ ಹೆಂಗಸನ್ನು ನಂಬಬಹುದೇ? ಅವಳ ಮುಖ ತಾಯಿಯಂತಿದೆ ಎಂಬ ಕಾರಣಕ್ಕೆ ನಾನು ಮೆತ್ತಗಾಗುತ್ತಿದ್ದೇನೆಯೇ? ಅವಳೂ ನನ್ನನ್ನು ಅಳೆಯುತ್ತಿದ್ದಳು. ನೀವು ನಿಜವಾಗಿಯೂ ಇವರ ಕಡೆಯವರಲ್ಲವೇ ಎಂದು ಎರಡು ಸಲ ಕೇಳಿದಳು.

ಮಾವಶಿಯ ಬಳಿ ಬಂದು ಕಿವಿಯಲ್ಲಿ ಕೊಂಕಣಿಯಲ್ಲಿ ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವಳನ್ನು ಸನ್ಮಾನಕ್ಕೆ ವೇದಿಕೆಗೆ ಕರೆದರು. ಮಂಡಳಿಯ ಅಧ್ಯಕ್ಷರು ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟು, "ಅಮ್ಮಾರ, ಒಂದೆರಡು ಮಾತು ಆಡ್ರಿ" ಎಂದು ಮೈಕು ಹಿಡಿದರು. ಪಕ್ಕದಲ್ಲಿ ಮಂಡಳಿಯದೇ ಒಬ್ಬ ದುಭಾಷಿ ನಿಂತಿದ್ದ.

ಮಾವಶಿ ಮೈಕಿಗೆ ಬಾಯಿ ಹಚ್ಚದೆ, ಸಂತೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು. "ನನ್ನ ಹೆಸರಿಲೆ ಯಾವುದೋ ಕಂಪನಿ ಐತಂತ. ನನಗ ಯಾರೂ ಹೇಳಿಲ್ಲ. ನಾ ಎಲ್ಲಿಗೂ ಹೋಗೂದಿಲ್ಲ. ಗೇಟಿನ ಮ್ಯಾಲಿನ ನನ್ನ ಫೋಟೋ ಕೆಳಗ ಇಳಸ್ರಿ."

ದುಭಾಷಿ ಅಧ್ಯಕ್ಷರ ಮುಖ ನೋಡಿದ. ಆಮೇಲೆ ಸಭೆಯ ಕಡೆ ತಿರುಗಿ ನಯವಾದ ಇಂಗ್ಲಿಷಿನಲ್ಲಿ, ತಾಯಿ ತುಂಬ ಸಂತೋಷಪಟ್ಟಿದ್ದಾರೆ, ತಮ್ಮ ಹೆಸರಿನಲ್ಲಿ ಇಂಥ ಕೆಲಸ ಆಗುತ್ತಿರುವುದಕ್ಕೆ ಧನ್ಯವಾದ ಹೇಳುತ್ತಿದ್ದಾರೆ ಎಂದ. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. ಮೊದಲು ಕನ್ನಡದಲ್ಲಿ, "ಆಕಿ ಹಂಗ ಅಂದಿಲ್ಲ!" ಎಂದೆ. ಯಾರೋ ನನ್ನ ತೋಳು ಮುಟ್ಟಿ, "ಕೂಡ್ರಿ ಅಕ್ಕೋರ, ಆಮ್ಯಾಲೆ ಮಾತಾಡೂಣು" ಎಂದರು. ಕಾರ್ಯದರ್ಶಿಯೇ. ನಾನು ಕೂಡ್ರಲಿಲ್ಲ. ಮಾವಶಿ ಹೇಳಿದ ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ, ಪುಟ್ಟ ಪುಟ್ಟ ವಾಕ್ಯಗಳಾಗಿ ಹೇಳಿದೆ. ಆಕೆಗೆ ಕಂಪನಿಯಿಲ್ಲ. ಆಕೆಯನ್ನು ಕೇಳಿಲ್ಲ. ಆಕೆ ಇಲ್ಲಿಯೇ ಹುಟ್ಟಿದವಳು, ಇಲ್ಲಿಯೇ ಇರುತ್ತಾಳೆ. ಆಕೆಯ ಚಿತ್ರ ಇಳಿಸಿ.

ಅಧ್ಯಕ್ಷರು ಗಟ್ಟಿಗರು. ನಗುತ್ತಲೇ ಮೈಕು ತೆಗೆದುಕೊಂಡು, ಹಿರಿಯರಿಗೆ ಸ್ವಲ್ಪ ತಪ್ಪು ತಿಳಿವಳಿಕೆಯಾಗಿದೆ, ಇದಿನ್ನೂ ಬರೀ ಕರಡು, ಎಲ್ಲವನ್ನೂ ಅವರಿಗೆ ವಿವರಿಸುವವರಿದ್ದೆವು ಎಂದರು. ಆ ದೇಶದ ಅಧಿಕಾರಿಣಿ ಎದ್ದು ನಿಂತು ಒಂದೇ ಮಾತು ಕೇಳಿದಳು, "ವಿವರಿಸುವುದು ಯಾವಾಗ? ನಮಗೆ ಕಳಿಸುವ ಮೊದಲೋ, ಆಮೇಲೋ?" ಅಧ್ಯಕ್ಷರು ಎಲ್ಲರನ್ನೂ ಊಟಕ್ಕೆ ಕರೆದರು.

ಊಟ ಮಾಡಿಯೇ ಬಂದೆವು. ಸಿಟ್ಟಿಗೆ ಅನ್ನ ಬಿಡುವ ಪದ್ಧತಿ ಮಾವಶಿಯಲ್ಲಿಲ್ಲ. ಶಾಲನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಳು, ಹಣ್ಣಿನ ಬುಟ್ಟಿಯನ್ನು ಬಡಿಸುವ ಹುಡುಗಿಯರಿಗೆ ಕೊಟ್ಟಳು. ಅಧಿಕಾರಿಣಿ ಒಂದು ಕೌದಿಯನ್ನು ಕೊಂಡು, ನನಗೆ ತನ್ನ ಫೋನ್ ನಂಬರ್ ಕೊಟ್ಟಳು. ಮೂಲೆಯ ಫೂಲವನ್ನು ಬೆರಳಿನಿಂದ ಸವರುತ್ತ, ತಮ್ಮ ಊರಿಗೂ ಇಂಥವರ ಕಾರುಗಳೇ ಬರುತ್ತವೆ, ಬೇರೆ ದೇಶಗಳ ಬಾವುಟ ಹಾಕಿಕೊಂಡು, ಎಂದು ನನಗೆ ಹೇಳಿದಳು. ನಾವು ಹೊರಗೆ ಬರುವಾಗ ರೆಸಾರ್ಟಿನ ಕೆಲಸದವರು ಏಣಿ ಹಾಕಿ ಬ್ಯಾನರ್ ಬಿಚ್ಚುತ್ತಿದ್ದರು. ಯಾರು ಹೇಳಿದರೆಂದು ಗೊತ್ತಿಲ್ಲ.

ಬಸ್ಸಿನಲ್ಲಿ ಮಾವಶಿ ಕೇಳಿದಳು, "ಆ ಹೆಂಗಸು ಒಳ್ಳೇಕಿನ?"

"ಒಳ್ಳೇಕಿ ಅನ್ನಸ್ತೈತಿ."

"ಅನ್ನಸೂದು ಬ್ಯಾರೆ," ಎಂದು ಅವಳು ಕಿಟಕಿಗೆ ತಲೆ ಆನಿಸಿದಳು.

ಊರಿಗೆ ಬಂದು ನಡೆದದ್ದನ್ನು ಎಲ್ಲರ ಮುಂದೆ ಹೇಳಿದೆ. ಆ ವಾರ ಅಣ್ಣನೂ ನಾನೂ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಯಾರೂ ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ, ಆದರೆ ಯಾರು ಕೇಳಿದರೂ ಆಧಾರ್ ಆಗಲಿ, ಜಾತಿ ಪ್ರಮಾಣಪತ್ರವಾಗಲಿ ಕೊಡಬೇಡಿ ಎಂದು ತಿಳಿಸಿದೆವು. ಅದರಿಂದ ಹೆದರಿಕೆ ಕಡಿಮೆಯಾಯಿತು, ಅನುಮಾನ ಹೆಚ್ಚಾಯಿತು. ಮುಂದಿನ ತಿಂಗಳು ಸರ್ಕಾರದ ನಿಜವಾದ ಆರೋಗ್ಯ ಕಾರ್ಯಕರ್ತೆ ಬಂದು ಕಾರ್ಡು ಕೇಳಿದರೆ ಅವಳಿಗೂ ಬಾಗಿಲು ಹಾಕಿದರು. ಅವಳನ್ನು ಮನೆಮನೆಗೆ ನಾನೇ ಕರೆದೊಯ್ಯಬೇಕಾಯಿತು.

ಮಂಡಳಿಯ ವಿದೇಶದ ಕಚೇರಿ ಕೊನೆಗೂ ತೆರೆಯಿತು. ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಅಧ್ಯಕ್ಷರು, ಅಲ್ಲಿಯ ದೊಡ್ಡ ಮನುಷ್ಯರು, ಕತ್ತರಿಸಿದ ಟೇಪು. ಸಾಲಿನ ತುದಿಯಲ್ಲಿ ಸೀರೆ ಉಟ್ಟು, ಹಾರ ಹಾಕಿಸಿಕೊಂಡು ನಮ್ಮವಳಂತೆ ಕಾಣುವ ಒಬ್ಬ ಹೆಂಗಸು. ಕೆಳಗೆ ಅವಳ ಹೆಸರಿರಲಿಲ್ಲ. ನಾನು ಆ ಚಿತ್ರವನ್ನು ಅಧಿಕಾರಿಣಿಗೆ ಕಳಿಸಿ ಯಾರೆಂದು ಕೇಳಿದೆ. ತನಗೂ ಗೊತ್ತಿಲ್ಲ, ವಿಚಾರಿಸುತ್ತೇನೆ ಎಂದು ಉತ್ತರ ಬಂತು. ಆಮೇಲೆ ಅವಳಿಂದ ಏನೂ ಬರಲಿಲ್ಲ. ಅವಳನ್ನು ಸುಮ್ಮನಾಗಿಸಿದರೋ, ಅವಳೇ ಸುಮ್ಮನಾದಳೋ.

ನಮ್ಮಲ್ಲಿಯೇ ಯಾರನ್ನೋ ಒಪ್ಪಿಸಿರಬೇಕೆಂದು ಜೋಯಿಡಾ, ಮುಂಡಗೋಡಿನ ಕಡೆಯೆಲ್ಲ ಕೇಳಿಸಿದೆ. ಯಾರೂ ಗುರುತಿಸಲಿಲ್ಲ. ಕಡೆಗೆ ಜೋಯಿಡಾದ ಒಬ್ಬ ಶಿಕ್ಷಕಿ, ನಮ್ಮವಳೇ, ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿ ಹೇಳಿದಳು. "ಈಕಿ ಸೀರಿ ಉಟ್ಟು ರೂಢಿ ಇದ್ದಾಕಿ ಅಲ್ಲರಿ. ಸೆರಗು ಬಲಗಡೆ ಹಾಕ್ಯಾರ ನೋಡ್ರಿ, ಯಾರೋ ಗಡಿಬಿಡಿಲೆ ಉಡಿಸಿದಂಗ ಐತಿ. ಇಲ್ಲಿಯಾಕಿ ಅಲ್ಲ, ಆ ದೇಶದಾಕೀನ ಇರಬೇಕು, ನಮ್ಮಾಕಿ ಅಂತ ನಿಲ್ಲಿಸ್ಯಾರ."

ಮನೆಗೆ ಬಂದು ಮಾವಶಿಗೆ ಅದನ್ನು ಹೇಳಿದೆ. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಮುಖವನ್ನು ನೋಡಿದಳು.

"ಪಾಪ," ಎಂದಳು. "ಆಕಿಗೂ ಯಾರೂ ಕೇಳಿರಲಿಕ್ಕಿಲ್ಲ."